ಜಪಾನಿನ 88 ದೇವಸ್ಥಾನಗಳ ಯಾತ್ರೆ: ಗೈಡ್ ಇರುವ ಗುಂಪಿನ ಜೊತೆ ಹೋಗುವುದಾ, ಬೇಡವಾ?

ಹೆಗ್ಗೆರೆ ಮೇಷ್ಟ್ರು, ತುಮಕೂರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತನಾದವನು ನಾನು. ಮಗಳು ನಮ್ಮಿಬ್ಬರನ್ನೂ ಜಪಾನಿಗೆ ಕಳಿಸಬೇಕು ಅಂತ ಹಟ ಹಿಡಿದಿದ್ದಾಳೆ. ಟೋಕಿಯೋ, ಬುಲೆಟ್ ಟ್ರೇನ್ ನೋಡುವುದಕ್ಕಲ್ಲ. ಶಿಕೊಕು ದ್ವೀಪದ ಹಳ್ಳಿಗಾಡಿನಲ್ಲಿ 88 ಬೌದ್ಧ ದೇವಸ್ಥಾನಗಳನ್ನು ಸುತ್ತುವ ಯಾತ್ರೆ ಇದೆಯಲ್ಲ, ಅದಕ್ಕೆ. ಅವಳು ಹುಡುಕಿರುವ ಪ್ಯಾಕೇಜಿನಲ್ಲಿ ಇಂಗ್ಲಿಷ್ ಮಾತಾಡುವ ಗೈಡ್ ಇರುತ್ತಾರಂತೆ, ಸಣ್ಣ ಗುಂಪು, ಸ್ವಲ್ಪ ದೂರ ವ್ಯಾನು, ಸ್ವಲ್ಪ ನಡಿಗೆ, ಬ್ಯಾಗುಗಳು ವ್ಯಾನಿನಲ್ಲೇ ಮುಂದೆ ಹೋಗುತ್ತವೆ, ರಾತ್ರಿ ದೇವಸ್ಥಾನದ ವಸತಿಯಲ್ಲಿ ಇಲ್ಲವೇ ಹಳ್ಳಿಯ ಮನೆಗಳಲ್ಲಿ. ದುಡ್ಡು ಮಾತ್ರ ಕೇಳಬೇಡಿ, ಜಾಸ್ತಿನೇ.

ಅಳಿಯಂದಿರು ಹೇಳುವುದು, ಫೋನಿನಲ್ಲಿ ಮ್ಯಾಪ್ ಇದ್ದರೆ ಸಾಕು, ಗೈಡಿಗೆ ಸುಮ್ನೆ ಯಾಕೆ ದುಡ್ಡು ಸುರಿಯುತ್ತೀರಿ ಅಂತ. ನಮ್ಮ ಮನೆಯವರು ಹೇಳುವುದು, ಅಷ್ಟು ದುಡ್ಡಿಗೆ ಕಾಶಿಗೆ ನಾಲ್ಕು ಸಲ ಹೋಗಿ ಬರಬಹುದು ಅಂತ. ಅವರಿಗೆ ಮಂಡಿ ಸ್ವಲ್ಪ ತೊಂದರೆ. ದೇವರಾಯನದುರ್ಗ ಹತ್ತುತ್ತಾರೆ, ಇಳಿಯುವಾಗ ಮಂಡಿ ಹಿಡಿದುಕೊಂಡು ಇಳಿಯುತ್ತಾರೆ. ನಾವು ಶುದ್ಧ ಸಸ್ಯಾಹಾರಿಗಳು. ಹೋಗಿ ಬಂದವರು ಯಾರಾದರೂ ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಮೇಷ್ಟ್ರೇ, ನಾನು ಹೋಗಿದ್ದೆ, ಗೈಡ್ ಇದ್ದ ಸಣ್ಣ ಗುಂಪಿನ ಜೊತೆಗೇ. ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ. "88 ದೇವಸ್ಥಾನ" ಅಂತ ಹೇಳಿ ಎರಡು ಬೇರೆ ಬೇರೆ ಪ್ರವಾಸಗಳನ್ನು ಮಾರುತ್ತಾರೆ. ಪೂರ್ತಿ ಸುತ್ತು ಸುಮಾರು 1200 ಕಿ.ಮೀ. ನಡೆದೇ ಮುಗಿಸುವವರಿಗೆ 40ರಿಂದ 50 ದಿನ ಬೇಕು. ಹತ್ತು ಹನ್ನೆರಡು ದಿನದಲ್ಲಿ 88ನ್ನೂ ತೋರಿಸುತ್ತೇವೆ ಅಂದರೆ ಅದು ಬಸ್ ಯಾತ್ರೆ. ದಿನಕ್ಕೆ ಏಳೆಂಟು ದೇವಸ್ಥಾನ, ಇಳಿ, ಕೈಮುಗಿ, ಹತ್ತು. ಅವು ಬಹುತೇಕ ಜಪಾನೀಯರಿಗಾಗಿಯೇ ಇರುವವು. ನಿಮ್ಮ ಮಗಳು ನೋಡಿರುವುದು ಇನ್ನೊಂದು ಥರದ್ದು. ಅದರಲ್ಲಿ ಆಯ್ದ ಕೆಲವು ದೇವಸ್ಥಾನಗಳು, ಅವುಗಳ ನಡುವಿನ ಹಳೆಯ ಕಾಲುದಾರಿಗಳು ಇರುತ್ತವೆ. 88 ಪೂರ್ತಿ ಆಗುವುದಿಲ್ಲ. ಇದು ನಿಮಗೆ ಒಪ್ಪಿಗೆಯೇ ಅಂತ ಈಗಲೇ ಯೋಚಿಸಿ. ಆಮೇಲೆ ಅಲ್ಲಿ ನಿಂತು "ಉಳಿದ 60 ಯಾವಾಗ?" ಅಂದರೆ ಗೈಡ್ ಏನೂ ಮಾಡುವುದಕ್ಕಾಗುವುದಿಲ್ಲ.

ಈ ಯಾತ್ರೆ ಕೂಕಾಯ್ ಎಂಬ ಸನ್ಯಾಸಿಯ ಹೆಸರಿನಲ್ಲಿ ನಡೆಯುತ್ತದೆ. 774ರಲ್ಲಿ ಇದೇ ಶಿಕೊಕುವಿನಲ್ಲಿ ಹುಟ್ಟಿದವರು. 804ರಲ್ಲಿ ಚೀನಾಕ್ಕೆ ಹೋಗಿ ಕಲಿತು ಬಂದು ಶಿಂಗೋನ್ ಪಂಥ ಕಟ್ಟಿದರು. ಅಲ್ಲಿನವರಿಗೆ ಅವರು ಕೋಬೊ ದೈಶಿ. ನೀವು ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದರೆ ಇದು ಖುಷಿ ಕೊಡುತ್ತದೆ: ಆ ಪಂಥದ ಗುರುಪರಂಪರೆಯಲ್ಲಿ ವಜ್ರಬೋಧಿ ಇದ್ದಾರೆ, ದಕ್ಷಿಣ ಭಾರತದಿಂದ ಚೀನಾಕ್ಕೆ ಹೋದವರು. ಪ್ರತಿ ಯಾತ್ರಿಯ ಜೊತೆ ಕೋಬೊ ದೈಶಿ ತಾವೇ ನಡೆಯುತ್ತಾರೆ ಅನ್ನುವುದು ಅಲ್ಲಿನ ನಂಬಿಕೆ, ಕೈಯಲ್ಲಿರುವ ಮರದ ಕೋಲೇ ಅವರು. ಅದಕ್ಕೇ ಸಂಜೆ ತಂಗುವ ಮನೆಗೆ ಬಂದ ತಕ್ಷಣ ನಮ್ಮ ಕಾಲು ತೊಳೆಯುವ ಮೊದಲು ಕೋಲಿನ ತುದಿ ತೊಳೆಯುತ್ತಾರೆ. ಸೇತುವೆ ಮೇಲೆ ಕೋಲು ಊರುವುದಿಲ್ಲ, ಎತ್ತಿ ಹಿಡಿದು ದಾಟುತ್ತಾರೆ. ಒಂದು ರಾತ್ರಿ ಕೋಬೊ ದೈಶಿಗೆ ಎಲ್ಲೂ ಜಾಗ ಸಿಗದೆ ಸೇತುವೆ ಕೆಳಗೆ ಮಲಗಿದ್ದರಂತೆ, ಈಗಲೂ ಎಲ್ಲಾದರೂ ಮಲಗಿರಬಹುದು, ಟಕ್ ಟಕ್ ಅಂದರೆ ನಿದ್ದೆ ಕೆಡುತ್ತದೆ ಅಂತ.

ಇನ್ನು ಗುಡಿಯಲ್ಲಿ ಮಾಡುವುದು. ಬಾಗಿಲಲ್ಲಿ ತಲೆ ಬಾಗಿಸಿ ಒಳಗೆ ಹೋಗಿ, ಕೈ ತೊಳೆದು, ಮೇಣದ ಬತ್ತಿ ಹಚ್ಚಿ, ಮೂರು ಊದುಬತ್ತಿ ಇಟ್ಟು, ಹೆಸರು ಬರೆದ ಚೀಟಿಯನ್ನು ಡಬ್ಬಿಗೆ ಹಾಕಿ, ಪ್ರಜ್ಞಾಪಾರಮಿತಾ ಹೃದಯ ಸೂತ್ರ ಹೇಳುತ್ತಾರೆ. ಮುಖ್ಯ ಗುಡಿಯಲ್ಲೊಮ್ಮೆ, ದೈಶಿಯ ಗುಡಿಯಲ್ಲೊಮ್ಮೆ. ಜಪಾನೀ ಬಾಯಲ್ಲಿ ಉರುಳಿ ಉರುಳಿ ಬರುತ್ತದೆ, ಕೊನೆಗೆ ಗಮನವಿಟ್ಟು ಕೇಳಿದರೆ ನಮ್ಮ "ಗತೇ ಗತೇ ಪಾರಗತೇ" ಸಿಕ್ಕಿಬಿಡುತ್ತದೆ. ಬರದಿದ್ದರೆ ಸುಮ್ಮನೆ ನಿಂತರೂ ಯಾರೂ ಏನೂ ಅನ್ನುವುದಿಲ್ಲ.

ಆಮೇಲೆ ಮುದ್ರೆ ಹಾಕಿಸುವ ಕೌಂಟರ್. ಇದನ್ನು ಅವಸರ ಮಾಡದೆ ನಿಂತು ನೋಡಿ ಮೇಷ್ಟ್ರೇ. ಯಾತ್ರೆಯ ಪುಸ್ತಕ ಬಿಡಿಸಿ ಕೊಟ್ಟರೆ, ಕೂತಿರುವವರು ಕುಂಕುಮ ಬಣ್ಣದ ಮೂರು ಮುದ್ರೆ ಒತ್ತಿ, ದಪ್ಪ ಕುಂಚವನ್ನು ಮಸಿಯಲ್ಲಿ ಅದ್ದಿ ಮೇಲಿನಿಂದ ಕೆಳಕ್ಕೆ ಎಳೆಯುತ್ತಾರೆ. ದೇವರ ಬೀಜಾಕ್ಷರ, ದೇವರ ಹೆಸರು, ದೇವಸ್ಥಾನದ ಹೆಸರು. ಬೀಜಾಕ್ಷರ ಇರುವುದು ಸಿದ್ಧಂ ಲಿಪಿಯಲ್ಲಿ, ನಮ್ಮ ಕನ್ನಡದ ಹಾಗೆ ಅದೂ ಬ್ರಾಹ್ಮಿಯಿಂದಲೇ ಬಂದದ್ದು. ಮಸಿ ಹಸಿ ಇರುತ್ತದೆ, ಒಂದು ತೆಳು ಕಾಗದ ಮೇಲಿಟ್ಟು ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ವಾಪಸ್ ಕೊಡುತ್ತಾರೆ. ಒಂದಕ್ಕೆ 500 ಯೆನ್, 2024ರ ಏಪ್ರಿಲ್‌ಗೆ ಮೊದಲು 300 ಇತ್ತು. ಕೌಂಟರ್ ತೆಗೆಯುವುದು ಬೆಳಿಗ್ಗೆ 8ಕ್ಕೆ, ಸಂಜೆ 5ಕ್ಕೆ ಮುಚ್ಚಿದರೆ ಮುಚ್ಚಿದ ಹಾಗೆ. ಬಸ್ ಗುಂಪು ಬಂದರೆ ಅದರ ಮೇಲ್ವಿಚಾರಕ ಎಲ್ಲರ ಪುಸ್ತಕಗಳನ್ನು ರಾಶಿ ಹೊತ್ತುಕೊಂಡು ಮೊದಲೇ ಓಡಿ ಬಂದು ನಿಂತಿರುತ್ತಾನೆ, ಹಿಂದೆ ಸಿಕ್ಕಿಕೊಂಡರೆ ನಿಮ್ಮ ಅರ್ಧ ಗಂಟೆ ಹೋಯಿತು.

ಗೈಡ್ ಬೇಕಾ ಅಂದರೆ, ದಾರಿ ತೋರಿಸುವುದಕ್ಕೆ ಬೇಕಿಲ್ಲ. ನಿಮ್ಮ ಅಳಿಯಂದಿರು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ, ಮರಕ್ಕೆ ಕಟ್ಟಿದ ಪಟ್ಟಿ, ಕಂಬದ ಮೇಲೆ ಕೆಂಪು ಬಾಣ, ಎಲ್ಲಾ ಕಡೆ ಗುರುತು ಇದೆ. ಗೈಡ್ ಬೇಕಾಗುವುದು ಊಟಕ್ಕೆ, ಮಾತಿಗೆ.

ಗುಬ್ಬಿ ಬ್ಯಾಕ್‌ಪ್ಯಾಕ್

ನನ್ನ ಮತ ಅಳಿಯಂದಿರ ಕಡೆಗೆ. ಸಾರ್, ಆ ಪ್ಯಾಕೇಜಿನ ದುಡ್ಡಲ್ಲಿ ನೀವಿಬ್ಬರೂ ಸ್ವಂತವಾಗಿ ಎರಡು ಪಟ್ಟು ದಿನ ಇದ್ದು ಬರಬಹುದು. ಒಸಾಕಾ ಕಡೆಯ ಕನ್ಸಾಯ್ ವಿಮಾನ ನಿಲ್ದಾಣದಿಂದ ಶಿಕೊಕುವಿನ ತೊಕುಶಿಮಾ ಊರಿಗೆ ನೇರ ಬಸ್ ಇದೆ, ಸಮುದ್ರದ ಮೇಲಿನ ಸೇತುವೆ ದಾಟಿಕೊಂಡೇ ಹೋಗುತ್ತದೆ. ತೊಕುಶಿಮಾದಿಂದ ಲೋಕಲ್ ರೈಲಿನಲ್ಲಿ "ಬಂದೋ" ಅನ್ನುವ ಸ್ಟೇಷನ್, ಅಲ್ಲಿಂದ ನಡೆದರೆ ಮೊದಲನೇ ದೇವಸ್ಥಾನ ರ್ಯೋಝೆಂಜಿ. ಬಿಳಿ ಅಂಗಿ, ಜೊಂಡುಹುಲ್ಲಿನ ಟೋಪಿ, ಕೋಲು, ಪುಸ್ತಕ ಎಲ್ಲಾ ಅಲ್ಲೇ ಮಾರುತ್ತಾರೆ. 1ರಿಂದ 10ರವರೆಗಿನ ದೇವಸ್ಥಾನಗಳು ಒಂದೇ ಬಯಲಿನ ಅಂಚಿನಲ್ಲಿ ಸಾಲಾಗಿ ಇವೆ, ಒಟ್ಟು 40 ಕಿ.ಮೀ. ಒಳಗೆ. ಮೂರ್ನಾಲ್ಕು ದಿನ ಇಟ್ಟುಕೊಂಡರೆ ಆರಾಮಾಗಿ ಆಗುತ್ತದೆ. 6ನೇ ದೇವಸ್ಥಾನ ಅನ್ರಾಕುಜಿಯಲ್ಲಿ ಯಾತ್ರಿಗಳಿಗೆ ವಸತಿ ಇದೆ, ಬಿಸಿನೀರಿನ ಸ್ನಾನ ಸಮೇತ.

ಗುಂಪಿನಲ್ಲಿ ಹೋದರೆ ಇನ್ನೊಂದು ನಷ್ಟ ಇದೆ. ಒಬ್ಬಿಬ್ಬರೇ ನಡೆಯುತ್ತಿದ್ದರೆ ಹಳ್ಳಿಯವರು ತಾವಾಗಿ ಕರೆದು ಕಿತ್ತಳೆ, ಟೀ, ಸಿಹಿ, ಒಮ್ಮೊಮ್ಮೆ ಚಿಲ್ಲರೆ ದುಡ್ಡನ್ನೂ ಕೊಡುತ್ತಾರೆ, ಅದಕ್ಕೆ ಒಸೆತ್ತಾಯ್ ಅನ್ನುತ್ತಾರೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ ಪಾನಕ ಕೊಡುತ್ತಾರಲ್ಲ, ಹಾಗೇ. ಬೇಡ ಅನ್ನಬಾರದು, ತಗೊಂಡು ನಿಮ್ಮ ಹೆಸರಿನ ಚೀಟಿ ಒಂದು ಕೊಡಬೇಕು. ಮೊದಲ ಸಲ ಹೋಗುವವರಿಗೆ ಬಿಳಿ ಚೀಟಿ. 50 ಸಲ ಸುತ್ತಿದವರಿಗೆ ಬಂಗಾರದ ಬಣ್ಣದ್ದು, 100 ದಾಟಿದವರಿಗೆ ಜರಿ ಬಟ್ಟೆಯದ್ದು. ಅಂಥವರೂ ಇದ್ದಾರೆ ಸಾರ್! ವ್ಯಾನಿನಿಂದ ಹತ್ತು ಜನ ದಬದಬ ಇಳಿದರೆ ಯಾವ ಅಜ್ಜಿ ಕರೆದು ಟೀ ಕೊಡುತ್ತಾಳೆ ಹೇಳಿ.

ಕೋಲಾರದ ಸಿಸ್ಟರ್

ಗುಬ್ಬಿಯವರೇ, ನಿಮಗೆ ವಯಸ್ಸಿದೆ, ನೀವು ಹೋಗಿ. ಮೇಷ್ಟ್ರ ಮನೆಯವರ ಮಂಡಿ ಬಗ್ಗೆ ಯಾರೂ ಮಾತೇ ಆಡಲಿಲ್ಲವಲ್ಲ.

ಸಾರ್, ನಾನು ಆಸ್ಪತ್ರೆಯಲ್ಲಿ ನರ್ಸ್, ನನ್ನ ಅಕ್ಕನ ಮನೆಯವರು ಹೊರಟಾಗ ಇದನ್ನೆಲ್ಲಾ ನಾನೇ ವಿಚಾರಿಸಿದ್ದೆ. ಮೆಟ್ಟಿಲಿನ ಲೆಕ್ಕ ಮೊದಲು ಕೇಳಿ. 10ನೇ ದೇವಸ್ಥಾನ ಕಿರಿಹತಾಜಿಗೆ 333 ಮೆಟ್ಟಿಲು. 71ನೇದು ಇಯಾದಾನಿಜಿಗೆ 540. 45ನೇದು ಇವಾಯಾಜಿ ಬಂಡೆ ಗೋಡೆಗೆ ಅಂಟಿಕೊಂಡಿದೆ, ಗಾಡಿ ನಿಲ್ಲಿಸಿದ ಮೇಲೂ ಏರು ದಾರಿ ನಡೆಯಲೇಬೇಕು. 11ರಿಂದ 12ಕ್ಕೆ ಕಾಡಿನ ದಾರಿ ಸುಮಾರು 13 ಕಿ.ಮೀ, ಬೆಟ್ಟ ಹತ್ತಿ ಇಳಿದು ಮತ್ತೆ ಹತ್ತುವುದು, ಯಾತ್ರಿ ಉರುಳಿ ಬೀಳುವ ಜಾಗ ಅಂತಲೇ ಅಲ್ಲಿ ಹೆಸರು. ಅದನ್ನು ಇವರು ನಡೆಯುವುದು ಬೇಡ. ಪ್ಯಾಕೇಜಿನಲ್ಲಿ ಆ ದಿನ ಇದ್ದರೆ ವ್ಯಾನಿನಲ್ಲಿ ಬರಬಹುದಾ ಅಂತ ಬರೆದು ಕೇಳಿ, ಬರೆದ ಉತ್ತರವನ್ನೇ ತೆಗೆದುಕೊಳ್ಳಿ. ಎಲ್ಲಾ ಕಡೆ ಹೀಗೇ ಅಂತೇನಿಲ್ಲ, 21ನೇದಕ್ಕೂ 66ನೇದಕ್ಕೂ ರೋಪ್‌ವೇ ಇದೆ. 66ನೇದು ಎಲ್ಲಕ್ಕಿಂತ ಎತ್ತರದಲ್ಲಿರುವುದು, 900 ಮೀಟರಿಗೂ ಮೇಲೆ, ಆದರೂ ಕೂತುಕೊಂಡೇ ತಲುಪಬಹುದು.

ಮಾತ್ರೆ ವಿಷಯ ಇನ್ನೂ ಮುಖ್ಯ. ಬಿಪಿ, ಶುಗರ್ ಮಾತ್ರೆ ಒಂದು ತಿಂಗಳಿಗೆ ಆಗುವಷ್ಟು ಒಯ್ಯಬಹುದು, ಡಾಕ್ಟರ ಚೀಟಿ ಜೊತೆಗಿರಲಿ, ಸ್ಟ್ರಿಪ್ ಬಿಚ್ಚಿ ಡಬ್ಬಿಗೆ ಹಾಕಬೇಡಿ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಮೊದಲೇ ಅನುಮತಿ ಪತ್ರ ತರಿಸಬೇಕು. ನೆಗಡಿ ಮಾತ್ರೆಯಲ್ಲಿ ಸುಡೊಎಫೆಡ್ರಿನ್, ಕೆಮ್ಮಿನ ಸಿರಪ್ಪಿನಲ್ಲಿ ಕೊಡೀನ್ ಇದೆಯಾ ನೋಡಿ. ಇಂತಿಷ್ಟು ಪ್ರಮಾಣ ಮೀರಿದರೆ ಜಪಾನಿನಲ್ಲಿ ಅವಕ್ಕೆ ನಿಷೇಧ ಇದೆ. ನಮ್ಮಲ್ಲಿ ಮೆಡಿಕಲ್ ಶಾಪಿನವರು ಕೇಳಿದ ತಕ್ಷಣ ಕೊಡುತ್ತಾರೆ ಅಂತ ನಾಲ್ಕು ಸ್ಟ್ರಿಪ್ ಬ್ಯಾಗಿಗೆ ತುರುಕಿಕೊಂಡು ಹೋಗುವುದಲ್ಲ. ಜೂನ್, ಜುಲೈ ಮಳೆ, ಆಗಸ್ಟ್ ವಿಪರೀತ ಸೆಕೆ, ಸೆಪ್ಟೆಂಬರಿನಲ್ಲಿ ಚಂಡಮಾರುತ. ಅಕ್ಟೋಬರ್ ಕೊನೆ, ನವೆಂಬರ್ ಇಟ್ಟುಕೊಳ್ಳಿ. ಇಲ್ಲಾ ಏಪ್ರಿಲ್, ಆದರೆ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಅವರಿಗೆ ಸಾಲು ರಜೆ, ಎಲ್ಲಾ ಕಡೆ ಜನವೋ ಜನ.

ಹೆಗ್ಗೆರೆ ಮೇಷ್ಟ್ರು, ತುಮಕೂರು

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಶರಣು. ಮಂಡಿ ವಿಷಯ ನಮ್ಮ ಮನೆಯವರಿಗೆ ಓದಿ ಹೇಳಿದೆ. "ಆ ಸಿಸ್ಟರ್ ಇದ್ದರೆ ಅವರನ್ನೇ ಗೈಡ್ ಮಾಡಿಕೊಳ್ಳಿ" ಅಂದರು.

ಇನ್ನೆರಡು ಅನುಮಾನ. ನಾವು ಇಬ್ಬರೂ ದಿನಾ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮಾಡದೆ ಬಾಯಿಗೆ ನೀರೂ ಹಾಕುವುದಿಲ್ಲ. ಬೌದ್ಧ ದೇವಸ್ಥಾನದ ಕೋಣೆಯಲ್ಲಿ ಅದಕ್ಕೆ ಏನಾದರೂ ಅಡ್ಡಿ ಇದೆಯೇ? ಮತ್ತೆ ಊಟ. ದೇವಸ್ಥಾನದಲ್ಲಿ ಕೊಡುವ ಊಟ ಅಂದಮೇಲೆ ಸಸ್ಯಾಹಾರವೇ ಇರುತ್ತದೆ ಅಲ್ವಾ?

ಕ್ಯಾತ್ಸಂದ್ರ ಟು ಒಸಾಕಾ

ಅಲ್ಲ ಮೇಷ್ಟ್ರೇ, ಅಲ್ಲೇ ಇರುವುದು ತಾಪತ್ರಯ. ನಾನು ಕ್ಯಾತ್ಸಂದ್ರದವಳು, ಮದುವೆಯಾಗಿ ಒಸಾಕಾದಲ್ಲಿದ್ದೇನೆ, ಅಪ್ಪ ಅಮ್ಮನನ್ನು ಶಿಕೊಕುವಿಗೆ ಕರೆದುಕೊಂಡು ಹೋಗಿದ್ದೇವೆ.

ಶಿಕೊಕುವಿನ ಹೊರಗೆ, ಶಿಂಗೋನ್ ಪಂಥದ ಕೇಂದ್ರವಾದ ಕೋಯಾ ಬೆಟ್ಟದ ಮೇಲಿನ ದೇವಸ್ಥಾನಗಳಲ್ಲಿ ತಂಗಿದರೆ ಪೂರ್ತಿ ಸಸ್ಯಾಹಾರ, ಶೋಜಿನ್ ಊಟ ಅಂತಾರೆ. ಎಳ್ಳಿನ ತೊಫು, ಒಣಗಿಸಿದ ತೊಫು, ಬೆಟ್ಟದ ಸೊಪ್ಪು, ಬಜ್ಜಿ, ಉಪ್ಪಿನಕಾಯಿ, ಅನ್ನ. ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಆದರೆ ಶಿಕೊಕುವಿನಲ್ಲಿ ಹಾಗಲ್ಲ. ಅಲ್ಲಿ ದೇವಸ್ಥಾನದ ವಸತಿಗಳಲ್ಲೇ ಎಷ್ಟೋ ಕಡೆ ರಾತ್ರಿ ಊಟಕ್ಕೆ ಮೀನು ಇಡುತ್ತಾರೆ. ಮೀನು ತೆಗೆದುಬಿಟ್ಟರೂ ಆಗುವುದಿಲ್ಲ, ಏಕೆಂದರೆ ಮಿಸೊ ಸಾರು, ಬೇಯಿಸಿದ ತರಕಾರಿ, ಅದ್ದಿಕೊಳ್ಳುವ ರಸ, ಎಲ್ಲದರ ಬುಡದಲ್ಲಿ ದಾಶಿ ಅಂತ ಮೀನಿನ ಕಟ್ಟು ಇರುತ್ತದೆ. ಶಿಕೊಕುವಿನಲ್ಲೇ ಇರುವ ಕಗಾವಾ ಪ್ರಾಂತ್ಯದ ಉದೋನ್, ಅಂದರೆ ಗೋಧಿಯ ದಪ್ಪ ನೂಡಲ್ಸ್, ಬಹಳ ಹೆಸರುವಾಸಿ, ಅದರ ಸಾರಿಗೂ ಒಣ ಮೀನು. ನೋಡುವುದಕ್ಕೆ ತಿಳಿನೀರು, ಗೊತ್ತೇ ಆಗುವುದಿಲ್ಲ. ಅದಕ್ಕೇ ನಾನು ಗೈಡ್ ಕಡೆಗೆ ಓಟು ಹಾಕುತ್ತೇನೆ. ಗುಬ್ಬಿ ತಮ್ಮ, ನೀನು ಮೊಟ್ಟೆ ಮೀನು ತಿನ್ನುತ್ತೀಯೋ ಏನೋ, ನಿನಗೆ ನಡೆಯುತ್ತದೆ. ಹಳ್ಳಿಯ ಸಣ್ಣ ವಸತಿ ಮನೆಗಳಲ್ಲಿ ಅಡುಗೆ ಮಾಡುವುದು ಒಬ್ಬ ವಯಸ್ಸಾದ ಹೆಂಗಸು, ಅವರಿಗೆ ವಾರದ ಮುಂಚೆಯೇ ಫೋನ್ ಮಾಡಿ ಜಪಾನೀಯಲ್ಲಿ ದಾಶಿಯೂ ಬೇಡ, ಕಡಲಪಾಚಿ ಅಣಬೆ ಹಾಕಿದ ಕಟ್ಟು ಆಗಬಹುದು ಅಂತ ಬಿಡಿಸಿ ಹೇಳಬೇಕು. ಹೋಗಿ ಕೂತ ಮೇಲೆ ಹೇಳಿದರೆ ಪಾಪ ಅವರಿಗೂ ಕಷ್ಟ, ನಿಮಗೆ ಬರೀ ಅನ್ನ.

ಹಾಗಂತ ಹೆದರಬೇಡಿ. ಅನ್ನ ಎಲ್ಲಾ ಕಡೆ ಇದೆ, ಮುದ್ದೆಯಾಗಿ ಇರುತ್ತದೆ, ಕಲಸಲು ಚೆನ್ನ. ದಾರಿಯ ಅಂಗಡಿಗಳಲ್ಲಿ ಸಕ್ಕರೆ ಹಾಕದ ಮೊಸರು ಸಿಗುತ್ತದೆ. ಚಟ್ನಿ ಪುಡಿ, ಪುಳಿಯೋಗರೆ ಗೊಜ್ಜು, ನಿಪ್ಪಟ್ಟು, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್ ತನ್ನಿ. ಕೋಣೆಯಲ್ಲಿ ಟೀಗೆ ಬಿಸಿನೀರು ಇಟ್ಟಿರುತ್ತಾರೆ. ಹಸಿ ಕರಿಬೇವು, ಹಣ್ಣು, ತರಕಾರಿ ಬೇಡವೇ ಬೇಡ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಪೂಜೆಗೆ ಯಾರ ಅಡ್ಡಿಯೂ ಇಲ್ಲ. ನಿಮ್ಮ ಧರ್ಮ ಯಾವುದು ಅಂತ ಅಲ್ಲಿ ಯಾರೂ ಕೇಳುವುದೂ ಇಲ್ಲ. ವಿಭೂತಿ ಹಚ್ಚಿಕೊಂಡು ಕೂತು ಮಾಡಿಕೊಳ್ಳಿ, ನೆಲದ ಮೇಲೆ ಹುಲ್ಲಿನ ಚಾಪೆ ಹಾಸಿರುತ್ತದೆ, ಕೂರಲು ಹಿತ. ಕರ್ಪೂರ, ಊದುಬತ್ತಿ ಮಾತ್ರ ಕೋಣೆಯಲ್ಲಿ ಹಚ್ಚಬೇಡಿ. ಹುಲ್ಲು, ಮರ, ಕಾಗದದ ಬಾಗಿಲು, ಕಿಡಿ ಬಿದ್ದರೆ ಮುಗಿಯಿತು. ಸ್ನಾನದ ವಿಷಯ ಇರಲಿ ನೆನಪಿನಲ್ಲಿ: ಗಂಡಸರಿಗೊಂದು, ಹೆಂಗಸರಿಗೊಂದು, ಎಲ್ಲರೂ ಒಟ್ಟಿಗೆ, ಬಟ್ಟೆ ಇಲ್ಲದೆ. ನಮ್ಮಮ್ಮ ಮೊದಲ ದಿನ ಬಾಗಿಲಿನಿಂದಲೇ ವಾಪಸ್ ಬಂದರು. ಆಮೇಲೆ ಒಂದು ಉಪಾಯ ಕಂಡುಕೊಂಡರು, ಎಲ್ಲರೂ ಊಟಕ್ಕೆ ಕೂತಾಗ ಹೋಗಿ ಬರುವುದು. ಕೋಣೆಗೇ ಸ್ನಾನದ ಮನೆ ಇರುವ ಕಡೆ ಹಾಕಿ ಅಂತ ಮೊದಲೇ ಕೇಳಿದರೆ ಕೆಲವು ರಾತ್ರಿಗಾದರೂ ಕೊಡುತ್ತಾರೆ.

ಗುಬ್ಬಿ ಬ್ಯಾಕ್‌ಪ್ಯಾಕ್

ಅಕ್ಕ, ಮೀನಿನ ಮಾತು ಒಪ್ಪಿದೆ. ಆದರೂ ದುಡ್ಡಿನ ಮಾತು ಬಿಡುವುದಿಲ್ಲ. ಸಾರ್, ಪ್ಯಾಕೇಜಿನವರು ವಿಮಾನದ ಟಿಕೆಟ್, ವೀಸಾ, ಮಧ್ಯಾಹ್ನದ ಊಟ, ಮುದ್ರೆ ದುಡ್ಡು ಸೇರಿಸಿದ್ದಾರಾ ನೋಡಿ. ಸಾಮಾನ್ಯವಾಗಿ ಸೇರಿರುವುದಿಲ್ಲ. ಇಲ್ಲಿನ ಏಜೆಂಟ್ ಮೂಲಕ ಕಟ್ಟಿದರೆ ಮೇಲೆ ಟಿಸಿಎಸ್ ಅಂತ ಆದಾಯ ತೆರಿಗೆಯ ಲೆಕ್ಕಕ್ಕೆ ದುಡ್ಡು ಹಿಡಿಯುತ್ತಾರೆ, ರಿಟರ್ನ್ಸ್ ಹಾಕುವಾಗ ಅದನ್ನು ಹೊಂದಿಸಿಕೊಳ್ಳಬಹುದು, ರಸೀತಿ ಜೋಪಾನ. ಮುದ್ರೆ ಕೌಂಟರಿನಲ್ಲಿ, ಹಳ್ಳಿ ಮನೆಗಳಲ್ಲಿ ನಗದೇ ಬೇಕು. ಸೆವೆನ್ ಇಲೆವೆನ್ ಅಂಗಡಿಯ ಎಟಿಎಂನಲ್ಲಿ ನಮ್ಮ ಕಾರ್ಡು ನಡೆಯುತ್ತದೆ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಗುಬ್ಬಿಯವರ ಅಜ್ಜಿ ಟೀ ಕೊಡುವುದಿಲ್ಲ ಅನ್ನುವ ವಾದಕ್ಕೆ ಒಂದು ತಿದ್ದುಪಡಿ. ಆರೆಂಟು ಜನರ ಗುಂಪಾದರೆ ಕೊಡುತ್ತಾರೆ. ನಾವು ಬಿಳಿ ಅಂಗಿ ಹಾಕಿಕೊಂಡು ಗದ್ದೆ ಬದಿಯಲ್ಲಿ ಹೋಗುತ್ತಿದ್ದಾಗ ಒಬ್ಬ ರೈತರು ಟಿಲ್ಲರ್ ನಿಲ್ಲಿಸಿ ಬಂದು ಎಲ್ಲರ ಕೈಗೂ ಒಂದೊಂದು ಕಿತ್ತಳೆ ಕೊಟ್ಟರು. ಗೈಡ್ ಇದ್ದಿದ್ದಕ್ಕೆ ಅವರ ಜೊತೆ ಮಾತಾಡಲೂ ಆಯಿತು. ಮಕ್ಕಳೆಲ್ಲಾ ಒಸಾಕಾ ಸೇರಿದ್ದಾರೆ, ಊರಿನಲ್ಲಿ ಅರ್ಧ ಮನೆಗೆ ಬೀಗ, ಗದ್ದೆ ಮಾಡುವವರಿಲ್ಲ ಅಂದರು. ನಾನು ನಮ್ಮ ಕಡೆಯೂ ಹಾಗೇ ಆಗುತ್ತಿದೆ ಅಂದೆ, ಇಬ್ಬರೂ ಕೂತು ಮಳೆ ಬೆಳೆ ಮಾತಾಡಿದೆವು. ಮ್ಯಾಪ್ ಇಟ್ಟುಕೊಂಡು ಹೋಗಿದ್ದರೆ ಕಿತ್ತಳೆ ಸಿಗುತ್ತಿತ್ತು, ಈ ಮಾತು ಸಿಗುತ್ತಿರಲಿಲ್ಲ.

ಹಾಗಾಗಿ ಪ್ಯಾಕೇಜಿನವರಿಗೆ ಕೇಳಬೇಕಾದ್ದು: ಗುಂಪಿನಲ್ಲಿ ಎಷ್ಟು ಜನ, ದಿನಕ್ಕೆ ಎಷ್ಟು ಕಿ.ಮೀ. ನಡಿಗೆ, ನಡೆಯದವರಿಗೆ ವ್ಯಾನ್ ಇದೆಯಾ, ದಾಶಿ ಇಲ್ಲದ ಊಟವನ್ನು ಪ್ರತಿ ರಾತ್ರಿಗೂ ಹೇಳಿಟ್ಟಿದ್ದಾರಾ. ಉತ್ತರ ಹಾರಿಕೆಯದಾದರೆ ಬಿಟ್ಟುಬಿಡಿ. ಮತ್ತೆ 75ನೇ ದೇವಸ್ಥಾನ ಝೆಂತ್ಸೂಜಿ ಅದರಲ್ಲಿ ಇರಲೇಬೇಕು, ಕೂಕಾಯ್ ಹುಟ್ಟಿದ ಜಾಗ ಅದು. ಗುಡಿಯ ಕೆಳಗೆ ಸುಮಾರು 100 ಮೀಟರ್ ಸುರಂಗ ಇದೆ, ಕಗ್ಗತ್ತಲು, ಎಡಗೈಯಲ್ಲಿ ಗೋಡೆ ಸವರಿಕೊಂಡೇ ನಡೆಯಬೇಕು. ಫೋನ್ ಲೈಟ್ ಹಾಕುವ ಹಾಗಿಲ್ಲ.

ಹೆಗ್ಗೆರೆ ಮೇಷ್ಟ್ರು, ತುಮಕೂರು

ಆ ನಾಲ್ಕು ಪ್ರಶ್ನೆಯನ್ನೂ ಮಗಳ ಕೈಲಿ ಇಮೇಲ್ ಹಾಕಿಸಿದೆ. ಎಂಟು ಜನ, ದಿನಕ್ಕೆ ಜಾಸ್ತಿ ಅಂದರೆ 10 ಕಿ.ಮೀ, ವ್ಯಾನ್ ಹಿಂದೆಯೇ ಬರುತ್ತದೆ ಅಂತ ಉತ್ತರ ಬಂತು. ಊಟದ ಬಗ್ಗೆ "ವೆಜಿಟೇರಿಯನ್ ಓಕೆ" ಅಂತ ಎರಡೇ ಪದ ಇತ್ತು. ಕ್ಯಾತ್ಸಂದ್ರದ ತಾಯಿ ಹೇಳಿದ್ದು ನೆನಪಾಗಿ ದಾಶಿ ಅಂತ ಹೆಸರು ಹಿಡಿದು ಮತ್ತೆ ಕೇಳಿಸಿದೆ, ಈಗ ಒಂದೊಂದು ರಾತ್ರಿಯ ವಸತಿಗೂ ಬೇರೆ ಬೇರೆ ಉತ್ತರ ಕಳಿಸಿದ್ದಾರೆ. ಎರಡು ಕಡೆ ಆಗುವುದಿಲ್ಲವಂತೆ, ಅಲ್ಲಿ ಅನ್ನ ಮೊಸರು ಪುಳಿಯೋಗರೆ ಗೊಜ್ಜು. ನವೆಂಬರಿಗೆ ಹೊರಡುವುದು ಅಂತ ಆಗಿದೆ. ನಮ್ಮ ಮನೆಯವರು ಅಮಾನಿಕೆರೆ ಸುತ್ತ ನಡೆಯಲು ಶುರು ಮಾಡಿದ್ದಾರೆ, ಕಾಶಿ ಮಾತು ಸದ್ಯಕ್ಕೆ ನಿಂತಿದೆ. ಕೊನೆಯದಾಗಿ, ಆ ಮುದ್ರೆ ಪುಸ್ತಕ ಇಬ್ಬರಿಗೂ ಸೇರಿ ಒಂದು ಸಾಕಾ?

ಕ್ಯಾತ್ಸಂದ್ರ ಟು ಒಸಾಕಾ

ಬೇಡ, ಬೇರೆ ಬೇರೆ ತಗೊಳ್ಳಿ. ಇಲ್ಲಿ ಅದು ಅವರವರದ್ದೇ, ತೀರಿಕೊಂಡಾಗ ಪೆಟ್ಟಿಗೆಯಲ್ಲಿ ಜೊತೆಗಿಟ್ಟು ಕಳಿಸುವವರೂ ಇದ್ದಾರೆ. ಒಂದು ಮುದ್ರೆಯ 500 ಯೆನ್‌ಗೆ ಜಿಪುಣತನ ಬೇಡ ಮೇಷ್ಟ್ರೇ. ಮತ್ತೆ ಶೂ ಅರ್ಧ ಸೈಜ್ ದೊಡ್ಡದು, ಬಿಚ್ಚಿ ಹಾಕಲು ಸಲೀಸಾಗಿರುವುದು ಕೊಳ್ಳಿ. ತಂಗುವ ಕಡೆಯಲ್ಲೆಲ್ಲಾ ಬಾಗಿಲಲ್ಲೇ ಬಿಚ್ಚಬೇಕು, ಪ್ರತಿ ಸಲವೂ ಲೇಸ್ ಕಟ್ಟುತ್ತಾ ಬಗ್ಗಿದರೆ ಅಮ್ಮನ ಮಂಡಿ ಅಲ್ಲೇ ಹೋಗುತ್ತದೆ.